ಪದಚರ್ಚೆ: ಟರ್ಬೋ ಎಂಜಿನ್ನಿನ ‘ಬೂಸ್ಟ್’ಗೆ ಬರಿಯ ‘ಒತ್ತಡ’ ಸಾಕೇ?

ಹಾಸನದಿಂದ:

ಮಾನ್ಯರೇ, ಇಲ್ಲಿಯ ಬಿ.ಎಂ. ರಸ್ತೆಯಲ್ಲಿ ಗ್ಯಾರೇಜು ನಡೆಸುವ ಸ್ನೇಹಿತರಿಗೆ ಒಂದು ಬೋರ್ಡನ್ನೂ ಒಂದು ಪುಟದ ಕರಪತ್ರವನ್ನೂ ಬರೆದುಕೊಡಬೇಕಾಗಿದೆ. ಬೋರ್ಡು ಬರೆಯುವವರು ಶನಿವಾರ ಬರುತ್ತಾರೆ. ಸಕಲೇಶಪುರ, ಆಲೂರು ಕಡೆಯ ತೋಟದವರು ತರುವ ಹಳೆಯ ಟರ್ಬೋ ಡೀಸೆಲ್ ವಾಹನಗಳ, ಅಂದರೆ 1998ರಲ್ಲಿ ಬಂದ ಮೊದಲ ಟಾಟಾ ಸಫಾರಿಯಂಥವುಗಳ, ಎಂಜಿನ್ ಬಿಚ್ಚಿ ಶಕ್ತಿ ಹೆಚ್ಚಿಸಿಕೊಡುವುದು ಅವರ ಕೆಲಸ. ಕರಪತ್ರದ ಮುಖ್ಯ ವಾಕ್ಯವನ್ನು ಹೀಗೆ ಬರೆದಿದ್ದೇನೆ: “ವಿಶ್ವಾಸಾರ್ಹತೆಗೆ ಧಕ್ಕೆಯಾಗದಂತೆ ಎಂಜಿನ್ ಮೇಲ್ದರ್ಜೆಗೇರಿಸಬೇಕಾದರೆ, ಒತ್ತಡ ಹೆಚ್ಚಿಸುವ ಮೊದಲು ಇಂಟರ್‌ಕೂಲರ್, ಹೆಡ್ ಗ್ಯಾಸ್ಕೆಟ್ ಮತ್ತು ಆಯಿಲ್ ಒತ್ತಡವನ್ನು ಪರೀಕ್ಷಿಸಬೇಕು.” (ಇಂಟರ್‌ಕೂಲರ್ ಎಂದರೆ ಅದುಮಿದ ಗಾಳಿಯನ್ನು ತಣಿಸುವ ಭಾಗ, ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಣ ಬಿಗಿಪದರ.) ಟರ್ಬೋ ಎಂಜಿನ್ನಿಗೆ ಗಾಳಿಯನ್ನು ಅದುಮಿ ತುಂಬಿದಾಗ ಏರುವ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಅದಕ್ಕೆ ಹೀಗೆ ‘ಒತ್ತಡ’ ಎಂದಷ್ಟೇ ಬರೆದರೆ ಸಾಕೇ?

ಚಿಕ್ಕಮಗಳೂರಿನಿಂದ:

ಮೇಲ್ದರ್ಜೆಗೇರಿಸಲು ಎಂಜಿನ್ ಏನು ಪ್ರಾಥಮಿಕ ಆರೋಗ್ಯ ಕೇಂದ್ರವೇ? ಆ ಪದವನ್ನು ತೆಗೆದುಹಾಕಿ. ಬೂಸ್ಟಿಗೆ ಬೇಕಾದ ಮಾತು ಕಮ್ಮಾರಸಾಲೆಯಲ್ಲಿಯೇ ಇದೆ. ಕುಲುಮೆಗೆ ಗಾಳಿ ನುಗ್ಗಿಸುವ ಸಾಧನವನ್ನು ನಾವು ತಿದಿ ಎನ್ನುತ್ತೇವೆ. ತೆಲುಗಿನ ತಿತ್ತಿ ಅದರ ಒಡಹುಟ್ಟು. ತಿದಿಯನ್ನು ‘ಒತ್ತು’ತ್ತೇವೆ, ‘ಒತ್ತಡ’ ಬಂದದ್ದೂ ಆ ಧಾತುವಿನಿಂದಲೇ. ಆದುದರಿಂದ ಟರ್ಬೋ ‘ತಿದಿ’, ಬೂಸ್ಟ್ ‘ತಿದಿಯೊತ್ತು’. ಇಷ್ಟು ಚೊಕ್ಕವಾದ ಜೋಡಿ ಇರುವಾಗ ಎರವಲಿನ ಅಗತ್ಯವೇನು?

ಹಾಸನದಿಂದ, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದವನು:

ಚೊಕ್ಕವಾಗಿದೆ, ಆದರೆ ತಪ್ಪು. ತಿದಿ ನಡೆಯುವುದು ಕಮ್ಮಾರನ ತೋಳಿನ ಬಲದಿಂದ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನಿಂದ ಬೆಲ್ಟು ಹಾಕಿ ತಿರುಗಿಸುವ, ಗಾಳಿ ತುಂಬುವ ಸೂಪರ್‌ಚಾರ್ಜರಿಗೆ ಬೇಕಾದರೆ ಆ ಹೆಸರು ಸಲ್ಲಬಹುದು. ಸೈಲೆನ್ಸರಿನಲ್ಲಿ ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಎಂಜಿನ್ನಿಗೆ ಗಾಳಿ ತುಂಬುವುದು ಟರ್ಬೋ. 1905ರಲ್ಲಿ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಪೇಟೆಂಟು ಪಡೆದದ್ದು ಇದರ ಮೂಲ ತತ್ವಕ್ಕೆ. ವ್ಯುತ್ಪತ್ತಿಯೇ ಬೇಕೆಂದರೆ ಲ್ಯಾಟಿನ್ನಿನ ಟರ್ಬೋ ಎಂದರೆ ಬುಗುರಿ, ಸುಂಟರಗಾಳಿ.

ಕರಪತ್ರದ ನಿಜವಾದ ತೊಡಕು ಬೇರೆ. ಒಂದೇ ವಾಕ್ಯದಲ್ಲಿ ಎರಡು ‘ಒತ್ತಡ’ಗಳಿವೆ. ಆಯಿಲಿನದು ಇಳಿಯಬಾರದು, ಗಾಳಿಯದು ಮಿತಿ ಮೀರಬಾರದು. ಬೂಸ್ಟ್ ಎಂಬುದು ಹೊರಗಿನ ಗಾಳಿಯ ಒತ್ತಡದ ಮೇಲೆ ಎಷ್ಟು ಹೆಚ್ಚು ಎಂಬ ಲೆಕ್ಕ. ಮಾಪಕದಲ್ಲಿ 1 ಬಾರ್ ಬಂದರೆ ಒಳಗಿನ ಒತ್ತಡ ಹೊರಗಿನದರ ಸುಮಾರು ಎರಡು ಪಟ್ಟು. ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟಿನ ಕಡ್ಡಿಯನ್ನು ಬಿಗಿಮಾಡಿ ಅದನ್ನು ಏರಿಸಿಬಿಡುವುದು ಅಗ್ಗದ ಉಪಾಯ, ಮತ್ತು ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೆ ನೇರ ದಾರಿ. ಗಾಳಿಯನ್ನು ಅದುಮಿದಷ್ಟೂ ಅದು ಕಾಯುತ್ತದೆ, ಕಾದ ಗಾಳಿ ವಿರಳವಾಗುತ್ತದೆ. ಆದ್ದರಿಂದಲೇ ದೊಡ್ಡ ಇಂಟರ್‌ಕೂಲರ್ ಮೊದಲು, ಬೂಸ್ಟ್ ಆಮೇಲೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೋದ ಆ ದಂಡ ನಿಂತಿರುವುದು ಆಯಿಲಿನ ತೆಳುಪದರದ ಮೇಲೆ. ಶಿರಾಡಿ ಘಾಟಿ ಹತ್ತಿ ಬಂದವರು ತಕ್ಷಣ ಎಂಜಿನ್ ಆರಿಸಿದರೆ ಬೇರಿಂಗಿನಲ್ಲಿ ನಿಂತ ಆಯಿಲು ಸೀದು ಕರಿಕಟ್ಟುತ್ತದೆ. ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಡಬೇಕೆಂಬುದನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಮೂಡಿಗೆರೆಯಿಂದ:

ವಿಶ್ವಾಸಾರ್ಹತೆ ಬ್ಯಾಂಕಿನವರ ಮಾತು. ‘ಬಾಳಿಕೆ’ ಎನ್ನೋಣವೆಂದರೆ ಅದು ಎಷ್ಟು ವರ್ಷ ಬರುತ್ತದೆಂಬುದನ್ನು ಹೇಳುತ್ತದೆಯೇ ಹೊರತು ಚಾರ್ಮಾಡಿಯ ತಿರುವಿನಲ್ಲಿ ನಿಲ್ಲುತ್ತದೆಯೋ ಇಲ್ಲವೋ ಎಂಬುದನ್ನಲ್ಲ. ನಮ್ಮಲ್ಲಿ ಚಾಲಕರು ‘ಕೈಕೊಡದ ಗಾಡಿ’ ಎನ್ನುತ್ತಾರೆ. ಅದನ್ನೇ ಬರೆಯಿರಿ. ವೇಸ್ಟ್‌ಗೇಟಿಗೆ ಮಾತ್ರ ಕನ್ನಡ ಸೊಗಸಾಗಿ ಒದಗುತ್ತದೆ: ಹೆಚ್ಚಾದ ಹೊಗೆ ಟರ್ಬೈನಿಗೆ, ಅಂದರೆ ಹೊಗೆ ತಿರುಗಿಸುವ ಚಕ್ರಕ್ಕೆ, ಹೋಗದೆ ಪಕ್ಕದಿಂದ ಹರಿದುಹೋಗುವ ದಾರಿಯಾದ್ದರಿಂದ ‘ಕೋಡಿಬಾಗಿಲು’.

ಚಿಕ್ಕಮಗಳೂರಿನಿಂದ:

ಕೋಡಿ ಸಲ್ಲುತ್ತದೆ, ತಿದಿ ಸಲ್ಲುವುದಿಲ್ಲ! ಹೀಗೆ ಒಂದೊಂದನ್ನೇ ಬಿಟ್ಟುಕೊಟ್ಟರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯಗಳು ಮಾತ್ರ.

ಮೂಡಿಗೆರೆಯಿಂದ:

ಪ್ರತ್ಯಯ ಉಳಿದರೆ ಕನ್ನಡವೂ ಉಳಿಯುತ್ತದೆ, ಸ್ವಾಮಿ. ರಸ್ತೆ ಪಾರಸಿ, ಚಾವಿ ಪೋರ್ಚುಗೀಸ್, ತಾವು ಹಿಂದಿನ ಪತ್ರದಲ್ಲಿ ಬಳಸಿದ ‘ಧಾತು’ ಸಂಸ್ಕೃತ. ಗೇರು, ಕ್ಲಚ್ಚು, ಪಂಪುಗಳಿಗೆ ಉಕಾರ ಹಚ್ಚಿ ಒಳಗೆ ಕರೆದುಕೊಂಡವರು ಮೆಕ್ಯಾನಿಕ್ಕುಗಳೇ ಹೊರತು ಪದಸಮಿತಿಗಳಲ್ಲ.

ಹಾಸನದಿಂದ, ಪ್ರಶ್ನೆ ಕೇಳಿದವನು:

ಎಲ್ಲರಿಗೂ ವಂದನೆಗಳು. ಬೋರ್ಡಿಗೆ: “ಹಳೆಯ ಟರ್ಬೋ ಎಂಜಿನ್‌ಗಳ ಶಕ್ತಿ ಹೆಚ್ಚಿಸಿ, ದಾರಿಯಲ್ಲಿ ಕೈಕೊಡದಂತೆ ಸಜ್ಜುಗೊಳಿಸಲಾಗುತ್ತದೆ.” ಕರಪತ್ರದಲ್ಲಿ ‘ಒತ್ತಡ’ವನ್ನು ಆಯಿಲಿಗೆ ಮಾತ್ರ ಮೀಸಲಿಟ್ಟು, ಗಾಳಿಗೆ ‘ಬೂಸ್ಟ್’ ಎಂದೇ ಉಳಿಸಿಕೊಂಡಿದ್ದೇನೆ. ಕೋಡಿಬಾಗಿಲನ್ನು ವೇಸ್ಟ್‌ಗೇಟಿನ ಪಕ್ಕದಲ್ಲಿ ಒಮ್ಮೆ ಕೊಟ್ಟಿದ್ದೇನೆ.

ಚಿಕ್ಕಮಗಳೂರಿನಿಂದ:

‘ಎಂಜಿನ್‌ಗಳ’ ಅಲ್ಲ, ‘ಎಂಜಿನ್ನುಗಳ’. ಬೋರ್ಡು ಬರೆಯುವವರಿಗೆ ಶನಿವಾರಕ್ಕೆ ಮೊದಲೇ ತಿಳಿಸಿ.