ಬೇಸ್‌ಬಾಲ್‌ನಲ್ಲಿ ಒಂದು ಹೋಮ್ ರನ್‌ಗೆ ಎಷ್ಟು ಸ್ಟೀಲ್ (ಬೇಸ್ ಕದಿಯೋದು) ಸಮ?

ಪ್ರಶ್ನೆ: 2024ರಲ್ಲಿ ಬೇಸ್‌ಬಾಲ್ ಆಟಗಾರ ಒಟಾನಿ 54 ಹೋಮ್ ರನ್ (ಚೆಂಡನ್ನು ಮೈದಾನದಾಚೆ ಹೊಡೆದು ಎಲ್ಲ ಬೇಸ್ ಸುತ್ತಿ ಬರೋದು) ಹೊಡೆದ, 59 ಬೇಸ್ ಕದ್ದ (ಬ್ಯಾಟರ್ ಚೆಂಡು ಹೊಡೆಯೋದಕ್ಕೆ ಕಾಯದೆ ಮುಂದಿನ ಬೇಸ್‌ಗೆ, ಅಂದ್ರೆ ರನ್ ದಾರಿಯ ಮುಂದಿನ ನಿಲ್ದಾಣಕ್ಕೆ, ಓಡಿ ಸೇರೋದು). ಎಲ್ಲರೂ ಎರಡನ್ನೂ ಒಂದೇ ಉಸಿರಲ್ಲಿ ಹೊಗಳ್ತಾರೆ. ನಿಜವಾಗಿ ಎರಡಕ್ಕೂ ಒಂದೇ ತೂಕವಾ?

ಉತ್ತರ 1: ಇಲ್ಲವೇ ಇಲ್ಲ. ಹೋಮ್ ರನ್ ಬೆಲೆ ಸರಾಸರಿ 1.4 ರನ್, ಸ್ಟೀಲ್‌ದು ಹೆಚ್ಚುಕಡಿಮೆ 0.2 ಅಷ್ಟೇ. ಸಿಕ್ಕಿಬಿದ್ದರಂತೂ ಬೇಸಲ್ಲಿ ನಿಂತಿದ್ದವನೂ ಹೋದ, ಒಂದು ಔಟೂ ಆಯ್ತು, ಸುಮಾರು 0.4 ರನ್ ಕೈಬಿಟ್ಟಂತೆ. 1982ರಲ್ಲಿ ಇನ್ನೊಬ್ಬ ಆಟಗಾರ ರಿಕಿ ಹೆಂಡರ್ಸನ್ 130 ಬೇಸ್ ಕದ್ದದ್ದು ಎಲ್ಲರಿಗೂ ನೆನಪಿದೆ, 42 ಸಲ ಸಿಕ್ಕಿಬಿದ್ದದ್ದು ಯಾರಿಗೆ ನೆನಪಿದೆ ಹೇಳಿ?

ಉತ್ತರ 2: ಲೆಕ್ಕ ಸರಿ. ಆದರೆ ಒಟಾನಿ ಸಿಕ್ಕಿಬಿದ್ದದ್ದು ಬರೀ 4 ಸಲ, ಅಲ್ವಾ? 2023ರಲ್ಲಿ ಬೇಸ್‌ನ ಅಗಲ 15ರಿಂದ 18 ಇಂಚಾಯ್ತು, ಓಡೋ ದೂರ ಸ್ವಲ್ಪ ಕಡಿಮೆಯಾಗಿ ಕದಿಯೋದು ಸುಲಭವಾಯ್ತು. ಅಲ್ಲದೆ ಕೊನೆಯ, ಅಂದ್ರೆ ಒಂಬತ್ತನೇ ಇನಿಂಗ್ಸ್, ಒಂದೇ ರನ್ ಬೇಕು ಅಂದಾಗ ಆ 0.2 ಇನ್ನೂ ಜಾಸ್ತಿ ಬೆಲೆ ಬಾಳುತ್ತೆ.

ಪ್ರಶ್ನೆ ಕೇಳಿದವರು: ಅಂದ್ರೆ ಏಳು ಸ್ಟೀಲ್‌ಗೆ ಒಂದು ಹೋಮ್ ರನ್! ಸುಮ್ನೆ ಫ್ಯಾಂಟಸಿ ಟೀಮ್ ತುಂಬಾ ಓಡೋರನ್ನೇ ತುಂಬಿಕೊಂಡಿದ್ದೆ.