‘ತಿದ್ದಬೇಡಿ’ ಅಂದರೆ ಸಾಕೇ? ಬ್ಯಾಕಪ್ ಕ್ಯಾಟಲಾಗಿಗೆ ಒಂದು ಪದ ಬೇಕು

ಗೆಳೆಯರೆ,

ನಮ್ಮ ಆಫೀಸಿನಲ್ಲಿ ಬ್ಯಾಕಪ್‌ಗೆ, ಅಂದರೆ ಕಡತಗಳ ಪ್ರತಿ ಟೇಪಿನಲ್ಲಿ ಇಡಲು, ಬಾಕುಲಾ ಎಂಬ ಸಾಫ್ಟ್‌ವೇರ್ ಇದೆ. ಅದನ್ನು ನೋಡಿಕೊಳ್ಳುವ ಹುಡುಗರಿಗೆ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಬ್ಯಾಕಪ್ಪಿನ ಲೆಕ್ಕವಿರುವ ಡೇಟಾಬೇಸಿಗೆ ನೇರವಾಗಿ ಕೈಹಾಕಬಾರದು ಎಂದು ಹೇಳುವ ಒಂದು ಎಚ್ಚರಿಕೆಯ ಸಾಲಿನಲ್ಲಿ ಸಿಕ್ಕಿಕೊಂಡಿದ್ದೇನೆ.

ಮೊದಲು ಬರೆದದ್ದು ‘ದಾಖಲೆಗಳನ್ನು ಹಸ್ತಚಾಲಿತವಾಗಿ ಸಂಪಾದಿಸಬೇಡಿ’. ಓದಿದ ಹುಡುಗ, ‘ಸಂಪಾದನೆ ಬೇಡ ಅಂದ್ರೆ ಹೇಗೆ ಸಾರ್, ಸಂಬಳ ಸಾಲ್ತಿಲ್ಲ’ ಅಂದ. ಹೊಡೆದುಹಾಕಿದೆ.

ಆಮೇಲೆ ‘ತಿದ್ದಬೇಡಿ’ ಎಂದು ಹಾಕಿದೆ. ಅದೂ ಕೂರುತ್ತಿಲ್ಲ. ತಿದ್ದುವುದು ಅಂದರೆ ತಪ್ಪನ್ನು ಸರಿಮಾಡುವುದು, ಮಕ್ಕಳು ಅಕ್ಷರ ತಿದ್ದುವುದು. ಒಳ್ಳೆಯ ಕೆಲಸ, ಯಾಕೆ ಬೇಡ? ‘ಪಹಣಿ ತಿದ್ದಿದ್ದಾರೆ’ ಅಂದಾಗ ಮಾತ್ರ ಮೋಸದ ವಾಸನೆ. ಆದರೆ ನಮ್ಮಲ್ಲಿ ಹಾಗೆ ಒಮ್ಮೆ ಕೈಹಾಕಿದವನು ಮೋಸಗಾರನಲ್ಲ. ಖಾಲಿ ಟೇಪಿಲ್ಲದೆ ಪರದಾಡುತ್ತಿದ್ದ, ಅಷ್ಟೆ.

ಯಾವ ಟೇಪಿನಲ್ಲಿ ಏನಿದೆ ಎಂಬ ಲೆಕ್ಕ ಬೇರೊಂದು ಡೇಟಾಬೇಸಿನಲ್ಲಿರುತ್ತದೆ. ಅದೇ ಕ್ಯಾಟಲಾಗ್. ಗೋದಾಮು ಬೇರೆ, ದಾಸ್ತಾನು ಪುಸ್ತಕ ಬೇರೆ ಇದ್ದ ಹಾಗೆ. ಅವನು ಬಿಕನ್ಸೋಲ್ (ಬಾಕುಲಾಗೆ ಆಜ್ಞೆ ಕೊಡುವ ಕಿಟಕಿ) ಬಿಟ್ಟು ನೇರವಾಗಿ ಪೋಸ್ಟ್‌ಗ್ರೆಸ್‌ಗೆ, ಅಂದರೆ ಆ ಡೇಟಾಬೇಸಿಗೇ ಹೋದ. ಟೇಪುಗಳ ಪಟ್ಟಿಯಿರುವ ಮೀಡಿಯಾ ಟೇಬಲಿನಲ್ಲಿ ಒಂದು ಟೇಪಿನ ಸ್ಥಿತಿ ‘ಫುಲ್’ ಇದ್ದದ್ದನ್ನು ‘ಪರ್ಜ್ಡ್’ (ಲೆಕ್ಕ ತೆಗೆದಾಗಿದೆ, ಮತ್ತೆ ಬಳಸಬಹುದು) ಮಾಡಿದ. ಇಟ್ಟುಕೊಳ್ಳಬೇಕಾದ ಅವಧಿ ಇನ್ನೂ ಮುಗಿದಿರಲಿಲ್ಲ. ಪುಸ್ತಕ ಹೇಳಿದ್ದನ್ನು ಬಾಕುಲಾ ನಂಬುತ್ತದೆ. ರಾತ್ರಿ ಆ ಟೇಪಿನ ಮೇಲೆಯೇ ಹೊಸ ಬ್ಯಾಕಪ್ ಬರೆಯಿತು. ಬರೀ ಜಾಬ್ ಟೇಬಲಿನ (ನಡೆದ ಬ್ಯಾಕಪ್‌ಗಳ ಪಟ್ಟಿ) ಸಾಲು ಅಳಿಸಿದ್ದರೆ ಬಾಕುಲಾದ ಬಿಸ್ಕ್ಯಾನ್ ಎಂಬ ಉಪಕರಣ ಓಡಿಸಿ, ಟೇಪನ್ನೇ ಓದಿಸಿ, ಲೆಕ್ಕವನ್ನು ಮತ್ತೆ ಕಟ್ಟಬಹುದಿತ್ತು (ಗಂಟೆಗಟ್ಟಲೆ ಹಿಡಿಯುತ್ತೆ, ಆ ಮಾತು ಬೇರೆ). ಇಲ್ಲಿ ಓದಲು ಏನು ಉಳಿದಿತ್ತು?

ಇನ್ನೊಂದು ತಲೆನೋವು. ಕ್ಯಾಟಲಾಗಿನಿಂದ ದಾಖಲೆ ತೆಗೆಯಲು ಬಾಕುಲಾದಲ್ಲಿ ಪ್ರೂನ್, ಪರ್ಜ್ ಎಂಬ ಆಜ್ಞೆಗಳಿವೆ. ಪ್ರೂನ್ ಅವಧಿ ನೋಡಿಕೊಂಡು ತೆಗೆಯುತ್ತದೆ, ಪರ್ಜ್ ಅವಧಿ ನೋಡುವುದೇ ಇಲ್ಲ. ಎರಡಕ್ಕೂ ಸುಮ್ನೆ ‘ಅಳಿಸು’ ಅಂತ ಬರೆದರೆ ಕೆಟ್ಟೆವು. ಪ್ರೂನ್‌ಗೆ ‘ಸವರು’ ಇಟ್ಟುಕೊಂಡಿದ್ದೇನೆ, ಗಿಡದ ಕೊಂಬೆ ಸವರಿದ ಹಾಗೆ. ಪರ್ಜ್‌ಗೆ ‘ಗುಡಿಸಿಹಾಕು’ ಆಗಬಹುದಾ?

‘ಹಸ್ತಚಾಲಿತ’ ಬಿಟ್ಟು ‘ಕೈಯಾರೆ’ ಅನ್ನೋಣ ಅನಿಸುತ್ತದೆ. ‘ಕೈಯಾರೆ ಹಾಳುಮಾಡಿಕೊಂಡ’ ಎಂಬುದರ ನೆರಳು ಅದರಲ್ಲಿದೆ. ಮುಖ್ಯ ಕ್ರಿಯಾಪದಕ್ಕೆ ಸದ್ಯ ‘ಕೈಯಾಡಿಸಬೇಡಿ’ ಎಂದು ಬರೆದಿದ್ದೇನೆ. ಮನೆಯಲ್ಲಿ ಓದಿ, ‘ಇದೇನು, ಉಪ್ಪಿಟ್ಟಿನ ರವೆ ಹುರಿಯೋದಾ?’ ಎಂದು ನಕ್ಕರು.

ಲೆಕ್ಕದ ಪುಸ್ತಕದಲ್ಲಿ ಮೋಸಕ್ಕಲ್ಲದೆ, ಬರೀ ಅವಸರಕ್ಕೆ ಬದಲಾಯಿಸಿ ಬರೆದರೆ ನಿಮ್ಮ ಕಡೆ ಏನನ್ನುತ್ತಾರೆ? ಶಾನುಭೋಗರ ಮನೆಯವರು, ಮಂಡಿಯಲ್ಲಿ ಗುಮಾಸ್ತರಾಗಿದ್ದವರು ಯಾರಾದರೂ ಇಲ್ಲಿದ್ದರೆ ದಯವಿಟ್ಟು ಹೇಳಿ.