ಮಕ್ಕಳ ಜೊತೆ ಕಾರೈಗೆ ಪಳೆಯುಳಿಕೆ ನೋಡೋಕೆ ಹೋಗಿದ್ದೀರಾ ಯಾರಾದ್ರೂ?

ಪುಟ್ಟನಅಮ್ಮ:
ನಮಸ್ಕಾರ ಎಲ್ರಿಗೂ. ಸಂಕ್ರಾಂತಿ ರಜೇಲಿ ಬೆಂಗಳೂರಿಂದ ಸೇಲಂ ಮೇಲೆ ಕಾರಲ್ಲಿ ತಮಿಳುನಾಡಿನ ಪೆರಂಬಲೂರು ಹತ್ರ ಇರೋ ಕಾರೈಗೆ ಹೋಗೋಣ ಅಂತಿದೀವಿ, ನಾವಿಬ್ರು, ಮಾವನವರು, 9 ವರ್ಷದ ಮಗ. ಪುಸ್ತಕದಲ್ಲಿ ಅಮೋನೈಟ್ ಅನ್ನೋ ಹಳೇ ಕಾಲದ ಸಮುದ್ರ ಪ್ರಾಣಿಯ ಸುರುಳಿ ಚಿಪ್ಪು ನೋಡಿದಾಗಿಂದ ಅವನಿಗೆ ಬೇರೆ ಮಾತೇ ಇಲ್ಲ. ಸಮುದ್ರ ಅಷ್ಟು ದೂರ ಇದೆ, ಅಲ್ಲಿ ನಿಜವಾಗ್ಲೂ ಕಣ್ಣಿಗೆ ಕಾಣೋ ಹಾಗೆ ಸಿಗತ್ತಾ? ಮಾವನವರಿಗೆ ಮಂಡಿನೋವು ಬೇರೆ.

ಕಲ್ಲುಪ್ರೇಮಿ:
ಸಿಗತ್ತೆ ಮೇಡಂ. ಸುಮಾರು 10 ಕೋಟಿ ವರ್ಷದ ಹಿಂದೆ, ಕ್ರಿಟೇಷಿಯಸ್ ಕಾಲದಲ್ಲಿ ಸಮುದ್ರ ಅಲ್ಲೀವರೆಗೂ ನುಗ್ಗಿತ್ತು, ಅದರ ತಳದ ಕೆಸರೇ ಈಗಿನ ಕಾರೈ ಜೇಡಿಮಣ್ಣು, ಮಳೆ ಕೊರೆದು ಕೊರೆದು ಬರೀ ಬೋಳು ದಿಬ್ಬ, ಕೊರಕಲು. ಹೋದ ತಕ್ಷಣ ಅಮೋನೈಟ್ ಹುಡುಕೋಕೆ ಹೋಗಬೇಡಿ, ಮೊದಲು ಬೆಲೆಮ್ನೈಟ್ ನೋಡಿ. ಬಂದೂಕಿನ ಗುಂಡಿನ ಥರ ಚೂಪು, ಸ್ಕ್ವಿಡ್ ಬಳಗದ ಪ್ರಾಣಿಯ ಮೈಯೊಳಗಿದ್ದ ಗಟ್ಟಿ ಭಾಗ. ಮುರಿದ ತುದೀನ ಭೂತಕನ್ನಡೀಲಿ ನೋಡಿದ್ರೆ ಸೈಕಲ್ ಚಕ್ರದ ಕಡ್ಡಿ ಥರ ನಡುವಿಂದ ಗೆರೆಗಳು ಹೊರಟಿರತ್ತೆ, ಎಷ್ಟು ಚೆಂದ ಅಂತೀರಾ! ಫಳಫಳ ಹೊಳೆಯೋ ತುಂಡು ಸಿಕ್ರೆ ಅದು ಪಳೆಯುಳಿಕೆ ಅಲ್ಲ, ಜಿಪ್ಸಮ್ ಅನ್ನೋ ಖನಿಜ, ನಮ್ಮ ಮಗಳು ಅರ್ಧ ಗಂಟೆ ಅದನ್ನೇ ಆರಿಸಿದ್ಲು. ನೆರಳು ಇಲ್ವೇ ಇಲ್ಲ, ಬೆಳಿಗ್ಗೆ ಬೇಗ ಹೋಗಿ, ನೀರು ಟೋಪಿ ಮರೀಬೇಡಿ.

ಹೊಳೆದಂಡೆ:
ಮಾವನವರನ್ನ ದಿಬ್ಬ ಹತ್ತಿಸಬೇಡಿ, ಮಣ್ಣು ಜಾರತ್ತೆ. ಅವರಿಗೆ ಅಲ್ಲೇ ಹತ್ರ ಇರೋ ಸಾತನೂರು ತೋರಿಸಿ, ಕಲ್ಲಾಗಿ ಮಲಗಿರೋ ಮರ, 18 ಮೀಟರ್ ಉದ್ದ, 1940ರಲ್ಲಿ ಜಿಯಾಲಾಜಿಕಲ್ ಸರ್ವೆಯ ಎಂ.ಎಸ್. ಕೃಷ್ಣನ್ ಅವರು ಗುರುತಿಸಿದ್ದು. ಮತ್ತೆ ದಯವಿಟ್ಟು ಏನನ್ನೂ ಮನೆಗೆ ತರಬೇಡಿ. ಯಾವ ಪದರದಲ್ಲಿ ಸಿಕ್ತು ಅನ್ನೋದರ ಮೇಲೇ ಅದರ ಕಾಲ ಹೇಳೋದು, ಜೇಬಿಗೆ ಹಾಕ್ಕೊಂಡ್ರೆ ಅದು ಬರೀ ಕಲ್ಲು ಅಷ್ಟೇ. ಅಳತೆ ಗೊತ್ತಾಗೋಕೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಫೋಟೋ ತಗೊಂಡು ಇದ್ದಲ್ಲೇ ಬಿಡಿ.

ಮಲೆನಾಡಿಗ:
ನಿಮ್ಮನೇಲಿ ಸಾಲಿಗ್ರಾಮ ಇದ್ಯಾ? ಗಂಡಕಿ ನದೀಲಿ ಸಿಗೋ ಸಾಲಿಗ್ರಾಮದ ಒಳಗಿನ ಚಕ್ರ ಅಮೋನೈಟ್ ಸುರುಳೀನೇ. ನಮ್ಮಜ್ಜ ದಿನಾ ಅಭಿಷೇಕ ಮಾಡ್ತಿದ್ದ ಕಲ್ಲಲ್ಲಿದ್ದ ಅದೇ ಸುರುಳಿ ಕಾರೈ ಮಣ್ಣಲ್ಲಿ ಅಂಗೈಯಗಲ ಕಂಡಾಗ ನಮ್ಮಮ್ಮ ಅಲ್ಲೇ ಕೈ ಮುಗಿದ್ರು.

ಪುಟ್ಟನಅಮ್ಮ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಮಾವನವರಿಗೆ ಓದಿ ಹೇಳಿದೆ, ಇವತ್ತು ಪೂಜೆಗೆ ಕೂರೋ ಮುಂಚೆ ಮೊಮ್ಮಗನ್ನ ಕರೆದು ಸಾಲಿಗ್ರಾಮದ ಚಕ್ರ ತೋರಿಸಿದ್ರು. ಇಬ್ರೂ ಸೇರಿ ಈಗ ಭೂತಕನ್ನಡಿ ಹುಡುಕ್ತಾ ಇದಾರೆ.